ಶೀಲಕ್ಕೆ ಸಾಕ್ಷಿ ಯಾರು?

ಕಳೆದ ಸಂಚಿಕೆಯಲ್ಲಿ ಮಾನ್ಯ ಲೇಖಕರೊಬ್ಬರು ನಮ್ಮ ನ್ಯಾಯಸ್ಥಾನಗಳ ವಿಷಯವಾಗಿ ಒಂದು ಲೇಖನವನ್ನು ಬರೆದಿರುವರು. ವಾಚಕರನೇಕರು ಅದನ್ನು ಮೆಚ್ಚಿಕೊಂಡರೆಂದು ಕೇಳಿದ್ದೇನೆ. ಅವರ ವಾದದ ಸಾರವಿಷ್ಟು: ಒಬ್ಬನು ಕಳ್ಳನೆಂಬುದು ಊರಿಗೆಲ್ಲ ಗೊತ್ತಿರುತ್ತದೆ, ಪೋಲೀಸರಿಗೂ ಗೊತ್ತಿರುತ್ತದೆ, ಗೊತ್ತಿಲ್ಲದವರು ನ್ಯಾಯಾಧೀಶರೊಬ್ಬರೇ. ಏಕೆಂದರೆ ಅದನ್ನು ಅವರ ಕಿವಿಗೆ ಹಾಕಕೂಡದೆಂದು ಕಾನೂನೇ ತಡೆದಿದೆ. ಇದು ಕಣ್ಣುಳ್ಳವನ ಕಣ್ಣಿಗೆ ಬಟ್ಟೆ ಕಟ್ಟಿದಂತಲ್ಲವೆ? ಆದಕಾರಣ ಆರೋಪಿಯ ಪೂರ್ವಚರಿತ್ರೆಯನ್ನು ವಿಚಾರಣೆಯ ಮೊದಲ ದಿನವೇ ಓದಿ ಹೇಳತಕ್ಕದ್ದು. ನಮ್ಮ ಪ್ರಾಚೀನರು ಹಾಗೆಯೇ ಮಾಡುತ್ತಿದ್ದರು. ಈ ತಡೆಯು ಪರದೇಶದವರು ನಮ್ಮ ಮೇಲೆ ಹೇರಿದ್ದು.

ನನಗೆ ಈ ಲೇಖಕರಲ್ಲಿ ಗೌರವವುಂಟು. ಅವರ ಉದ್ದೇಶವು ಶುದ್ಧವೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಅವರು ತೆರೆಯಬೇಕೆಂದು ಕೇಳುತ್ತಿರುವ ಬಾಗಿಲಿನಿಂದ ಒಳಗೆ ಬರತಕ್ಕದ್ದು ನ್ಯಾಯವಲ್ಲ, ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ವಕೀಲನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಆಮೇಲೆ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಸ್ವಲ್ಪ ಇದೆಯೆಂದು ತಿಳಿದಿದ್ದೇನೆ. ಅದು ಹೇಗೆ ಬಂದಿತೆಂಬುದನ್ನು ಕೊನೆಯಲ್ಲಿ ಹೇಳುವೆನು.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಕಾನೂನು ಸದಸ್ಯನು ರಚಿಸಿದ ಸಾಕ್ಷ್ಯದ ಕಾಯಿದೆಯು ೧೮೭೨ನೆಯ ಇಸವಿಯಲ್ಲಿ ಜಾರಿಗೆ ಬಂದಿತು. ಅದರ ೫೨ರಿಂದ ೫೫ರವರೆಗಿನ ಪ್ರಕರಣಗಳು ಮನುಷ್ಯನ ಶೀಲವನ್ನು ಕುರಿತವು. ಒಂದೂವರೆ ಶತಮಾನ ನಡೆದ ಆ ಕಾಯಿದೆಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ನಮ್ಮ ಲೋಕಸಭೆ ರಾಜ್ಯಸಭೆಗಳೇ ೨೦೨೩ರಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಮಾಡಿದುವು. ಅದು ೨೦೨೪ರ ಜುಲೈ ೧ರಿಂದ ನಡೆಯುತ್ತಿದೆ. ಶೀಲದ ವಿಷಯವು ಅದರಲ್ಲಿ ೪೬ರಿಂದ ೫೦ರವರೆಗಿನ ಪ್ರಕರಣಗಳಲ್ಲಿದೆ. ಹೆಸರು ಬದಲಾಯಿತು, ಸಂಖ್ಯೆ ಬದಲಾಯಿತು; ತತ್ತ್ವವು ಬದಲಾಗಲಿಲ್ಲ. ಹೀಗಿರುವಲ್ಲಿ ಇದನ್ನು ಪರದೇಶದವರು ಹೇರಿದ ಹೊರೆಯೆಂದು ಇಂದಿನ ದಿನ ಹೇಳುವುದು ಸರಿಯಲ್ಲ. ನಾವೇ ಪರೀಕ್ಷಿಸಿ ಉಳಿಸಿಕೊಂಡ ನಿಯಮವಿದು.

ಆ ನಿಯಮಗಳನ್ನು ಸರಳವಾಗಿ ಹೇಳುವುದಾದರೆ ಹೀಗೆ: ಸಿವಿಲ್ ವ್ಯಾಜ್ಯದಲ್ಲಿ, ಒಬ್ಬನು ಇಂಥ ಸ್ವಭಾವದವನು, ಆದಕಾರಣ ಇಂಥ ಕೆಲಸ ಮಾಡಿದ್ದಾನು ಎಂಬ ವಾದಕ್ಕೆ ಅವಕಾಶವಿಲ್ಲ. ಸಾಲ ತೀರಿಸಿದನೋ ಇಲ್ಲವೋ ಎಂಬುದನ್ನು ರಶೀದಿಯಿಂದ ತಿಳಿಯಬೇಕೇ ಹೊರತು ಅವನು ದೇವರ ಗುಡಿಗೆ ಹೋಗುವನೋ ಸಾರಾಯಿ ಅಂಗಡಿಗೆ ಹೋಗುವನೋ ಎಂಬುದರಿಂದಲ್ಲ. ಆದರೆ ಮಾನನಷ್ಟದಂತಹ ವ್ಯಾಜ್ಯದಲ್ಲಿ ಎಷ್ಟು ಪರಿಹಾರ ಕೊಡಿಸಬೇಕೆಂಬುದು ಅವನ ಶೀಲವನ್ನು ಅವಲಂಬಿಸಿದ್ದರೆ, ಅಲ್ಲಿ ಶೀಲವನ್ನು ವಿಚಾರಿಸಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯು ತಾನು ಸಚ್ಛೀಲನೆಂದು ತೋರಿಸಬಹುದು. ಅವನು ದುಶ್ಶೀಲನೆಂದು ಸರ್ಕಾರವು ತಾನಾಗಿ ತೋರಿಸುವಂತಿಲ್ಲ. ಅವನು ಮೊದಲು ಸಚ್ಛೀಲದ ಸಾಕ್ಷಿ ಕೊಟ್ಟರೆ ಮಾತ್ರ ಪ್ರತಿಯಾಗಿ ತೋರಿಸಬಹುದು. ಆಗ ಹಿಂದಿನ ಶಿಕ್ಷೆಗಳನ್ನೂ ಮುಂದಿಡಬಹುದು. ಹಿಂದಿನ ಶಿಕ್ಷೆಯ ಕಾರಣದಿಂದ ದಂಡನೆಯನ್ನು ಹೆಚ್ಚಿಸಬೇಕಾಗಿದ್ದರೂ, ಈಗಿನ ಅಪರಾಧವು ಸ್ಥಿರಪಟ್ಟ ಮೇಲೆಯೇ ಅದರ ವಿಚಾರವನ್ನೆತ್ತಬೇಕು.

ಇನ್ನು ಶೀಲವೆಂದರೇನು? ನಮ್ಮ ಕಾಯಿದೆಯು ಅದರಲ್ಲಿ ಎರಡನ್ನು ಸೇರಿಸಿದೆ: ಒಂದು ಲೋಕಖ್ಯಾತಿ, ಇನ್ನೊಂದು ಸ್ವಭಾವ. ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ರೌಟನ್ ಎಂಬವನ ಮೊಕದ್ದಮೆ ನಡೆಯಿತು. ಅವನು ಬಾಲಕರಿಗೆ ಪಾಠ ಹೇಳುತ್ತಿದ್ದವನು. ಒಬ್ಬ ಹುಡುಗನ ಮೇಲೆ ಅಸಭ್ಯವಾಗಿ ವರ್ತಿಸಿದನೆಂಬುದು ಆರೋಪ. ಅವನು ಸಚ್ಛೀಲನೆಂದು ಕೆಲವರು ಸಾಕ್ಷಿ ನುಡಿದರು. ಪ್ರತಿಯಾಗಿ ಬಂದ ಹಳೆಯ ಶಿಷ್ಯನೊಬ್ಬನು, ಊರವರ ಅಭಿಪ್ರಾಯವನ್ನು ನಾನರಿಯೆ, ನನ್ನ ಅಭಿಪ್ರಾಯದಲ್ಲಿ ಅವನು ಕೆಟ್ಟವನು ಎಂಬರ್ಥದ ಮಾತನ್ನಾಡಿದನು. ಊರಿನ ಖ್ಯಾತಿಯನ್ನು ಹೇಳಬಹುದು, ಸ್ವಂತ ಅಭಿಪ್ರಾಯವನ್ನು ಹೇಳಕೂಡದೆಂದು ಅಲ್ಲಿಯ ನ್ಯಾಯಾಧೀಶರಲ್ಲಿ ಹೆಚ್ಚಿನವರು ತೀರ್ಮಾನಿಸಿದರು. ಇದರ ಫಲವೇನೆಂದರೆ, ಹತ್ತಿರದಿಂದ ಬಲ್ಲವನ ಬಾಯಿಗೆ ಬೀಗ, ದೂರದಿಂದ ಕೇಳಿದವನಿಗೆ ಸಾಕ್ಷಿಪೀಠ! ಸ್ಟೀಫನ್ನನು ಈ ದೋಷವನ್ನು ನಮ್ಮ ಕಾಯಿದೆಗೆ ಬರಗೊಡಲಿಲ್ಲ. ಇಲ್ಲಿ ಬಲ್ಲವನು ತಾನು ಬಲ್ಲ ಸ್ವಭಾವವನ್ನು ಹೇಳಬಹುದು. ಆದರೆ ಸಾಮಾನ್ಯ ಸ್ವಭಾವವನ್ನು ಮಾತ್ರ. ಇಂಥ ದಿನ ಇಂಥ ಕೆಲಸ ಮಾಡಿದನೆಂದು ಬಿಡಿಬಿಡಿಯಾಗಿ ಹೇಳುವಂತಿಲ್ಲ. ಹಾಗೆ ಹೇಳಲು ಬಿಟ್ಟರೆ ಒಂದೊಂದು ಹಳೆಯ ಕಥೆಗೂ ಒಂದೊಂದು ಹೊಸ ವಿಚಾರಣೆ ನಡೆಯಬೇಕಾದೀತು.

ಈಗ ಲೇಖಕರ ಆಕ್ಷೇಪಕ್ಕೆ ಬರುವೆನು. ಕಳ್ಳನು ಕಳ್ಳನೆಂದು ತಿಳಿದರೆ ಸತ್ಯಕ್ಕೆ ಸಮೀಪವಾಗುವುದಿಲ್ಲವೆ ಎನ್ನುವರು. ಇಲ್ಲ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವ ಹುಡುಗನು ಮೊದಲ ವರ್ಷದಲ್ಲಿಯೇ ಕಲಿಯುವ ಪಾಠವೊಂದುಂಟು. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು; ಬೆಂಕಿಯಿದ್ದಲ್ಲಿ ಹೊಗೆಯಿದೆಯೆಂದು ಊಹಿಸಲಾಗದು. ಕುಲುಮೆಯಿಂದ ತೆಗೆದ ಕಬ್ಬಿಣದ ಗುಂಡು ಕೆಂಡದಂತೆ ಸುಡುತ್ತಿರುತ್ತದೆ, ಹೊಗೆಯ ಲವಲೇಶವೂ ಅದರಲ್ಲಿಲ್ಲ. ಬೆಂಕಿಗೆ ಹಸಿಯ ಸೌದೆ ಕೂಡಿದಾಗ ಮಾತ್ರ ಹೊಗೆ. ದುಶ್ಶೀಲವು ಬೆಂಕಿ, ಈ ಒಂದು ಕಳವು ಹೊಗೆ. ಅವನಲ್ಲಿ ಬೆಂಕಿಯಿದೆಯೆಂದು ನೂರು ಜನ ಸಾಕ್ಷಿ ಹೇಳಿದರೂ ಈ ಹೊಗೆ ಅವನಿಂದಲೇ ಎದ್ದಿತೆಂದು ಸಿದ್ಧವಾಗದು. ಹಸಿಯ ಸೌದೆಯನ್ನು ತೋರಿಸಿ ಎಂದು ನ್ಯಾಯಾಧೀಶರು ಕೇಳುತ್ತಾರೆ: ಕಳವಿನ ಮಾಲು ಅವನಲ್ಲಿ ಸಿಕ್ಕಿತೆ? ಆ ರಾತ್ರಿ ಅವನನ್ನು ಅಲ್ಲಿ ಕಂಡವರಾರು? ಇದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ್ದೇನಿದೆ?

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಊರಲ್ಲಿ ಕಳವಾದಾಗ ಪೋಲೀಸರು ಮೊದಲು ಯಾರ ಮನೆಗೆ ಹೋಗುವರು? ತಮ್ಮ ಪಟ್ಟಿಯಲ್ಲಿ ಹೆಸರಿದ್ದವರ ಮನೆಗೆ. ಅದು ತಪ್ಪೆನ್ನಲಾರೆ, ಹುಡುಕುವವರು ಎಲ್ಲಿಂದಾದರೂ ಆರಂಭಿಸಬೇಕಷ್ಟೆ. ಆದರೆ ಅವನನ್ನು ಹಿಡಿದು ತಂದದ್ದೇ ಅವನ ಹೆಸರು ಕೆಟ್ಟದ್ದೆಂಬ ಕಾರಣದಿಂದ. ಅದೇ ಕೆಟ್ಟ ಹೆಸರನ್ನು ಮತ್ತೆ ನ್ಯಾಯಾಲಯದಲ್ಲಿ ಅಪರಾಧಕ್ಕೆ ಸಾಕ್ಷಿಯೆಂದು ಇಟ್ಟರೆ, ಒಂದೇ ನಾಣ್ಯವನ್ನು ಎರಡು ಸಲ ಎಣಿಸಿ ಎರಡು ರೂಪಾಯಿ ಎಂದಂತಾಗಲಿಲ್ಲವೆ? ಆ ಮೇಲೆ ನಿಜವಾದ ಕಳ್ಳನನ್ನು ಹುಡುಕುವ ಶ್ರಮವನ್ನು ಯಾರು ವಹಿಸುವರು? ಪಟ್ಟಿಯಲ್ಲಿ ಹೆಸರಿಲ್ಲದ ಕಳ್ಳನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಮತ್ತಾರೂ ಮಾಡಲಾರರು.

ಕಾನೂನು ಪೂರ್ವಚರಿತ್ರೆಗೆ ಪೂರ್ತಿ ಕುರುಡೂ ಅಲ್ಲ. ಸಿಡ್ನಿ ನಗರದಲ್ಲಿ ಮೇಕಿನ್ ದಂಪತಿಗಳು ಹಣ ಪಡೆದು ಸಾಕುತ್ತೇವೆಂದು ತೆಗೆದುಕೊಂಡ ಶಿಶುವಿನ ದೇಹವು ಹಿತ್ತಲಿನಲ್ಲಿ ಸಿಕ್ಕಿತು. ಅವರು ಹಿಂದೆ ವಾಸವಾಗಿದ್ದ ಮನೆಗಳ ಹಿತ್ತಲುಗಳಲ್ಲಿಯೂ ಬೇರೆ ಶಿಶುಗಳ ದೇಹಗಳು ಸಿಕ್ಕುವು. ಆ ಸಂಗತಿಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದೆಂದು ೧೮೯೩ರಲ್ಲಿ ಪ್ರಿವಿ ಕೌನ್ಸಿಲು ಹೇಳಿತು. ಅವರು ಕೆಟ್ಟವರೆಂದು ತೋರಿಸುವುದಕ್ಕಲ್ಲ. ಸಾವು ಆಕಸ್ಮಿಕವಲ್ಲವೆಂದು ತೋರಿಸುವುದಕ್ಕೆ. ಒಂದೇ ತೆರನಾದ ಕೃತ್ಯಗಳ ಸಾಲು ಆಕಸ್ಮಿಕವೆಂಬ ನೆಪವನ್ನು ಒಡೆಯುವುದಾದರೆ ಅದನ್ನು ಹೇಳಬಹುದೆಂದು ನಮ್ಮ ಕಾಯಿದೆಯೂ ಒಪ್ಪುತ್ತದೆ. ಪದೇ ಪದೇ ಅಪರಾಧ ಮಾಡುವವರಿಂದ ಸದ್ವರ್ತನೆಗೆ ಮುಚ್ಚಳಿಕೆ ಬರೆಯಿಸಿಕೊಳ್ಳುವ ವಿಚಾರಣೆಯಲ್ಲಿ ಊರಿನ ಖ್ಯಾತಿಯೇ ಸಾಕ್ಷ್ಯವಾಗಬಲ್ಲುದು. ಹೀಗೆ ಬೇಕಾದಲ್ಲಿ ಬಾಗಿಲು ತೆರೆದೇ ಇದೆ. ಲೇಖಕರು ಕೇಳುತ್ತಿರುವುದು ಗೋಡೆಯನ್ನೇ ಕೆಡವಬೇಕೆಂದು.

ಪ್ರಾಚೀನರ ಮಾತಿಗೆ ಬರೋಣ. ಯಾಜ್ಞವಲ್ಕ್ಯ ಸ್ಮೃತಿಯು ಕಳ್ಳನೆಂದು ಹಿಡಿಯುವುದಕ್ಕೆ ಕಾರಣಗಳನ್ನು ಎಣಿಸುವಾಗ, ಕಳವಿನ ವಸ್ತು ಮತ್ತು ಹೆಜ್ಜೆಯ ಗುರುತುಗಳೊಡನೆ ಹಿಂದಿನ ಅಪರಾಧವನ್ನೂ ಹೇಳಿರುವುದು ನಿಜ. ಜೂಜುಗಾರನನ್ನೂ, ಕೇಳಿದೊಡನೆ ಬಾಯಿ ಒಣಗಿ ದನಿ ನಡುಗುವವನನ್ನೂ ಶಂಕೆಯಿಂದ ಹಿಡಿಯಬಹುದೆಂದಿದೆ. ಅಷ್ಟೇ ಅಲ್ಲ, ಶಂಕೆಯಿಂದ ಹಿಡಿಯಲ್ಪಟ್ಟವನು ತನ್ನ ಶುದ್ಧಿಯನ್ನು ತಾನೇ ತೋರಿಸಬೇಕು, ಇಲ್ಲವಾದರೆ ಕಳ್ಳನ ದಂಡವೇ ಅವನಿಗೆ ಎಂದೂ ಇದೆ. ನಾನು ಇದನ್ನು ಮುಚ್ಚಿಡಲಾರೆ. ಆ ಗ್ರಂಥವನ್ನು ಭಕ್ತಿಯಿಂದ ಓದಿದವನಾದರೂ, ಈ ಭಾಗದಲ್ಲಿ ಇಂದಿನ ಕಾನೂನು ಹಿಂದಿನದಕ್ಕಿಂತ ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಲೇಖಕರು ಸ್ಮೃತಿಯನ್ನು ಕಂಡು ವ್ಯಾಖ್ಯಾನವನ್ನು ಬಿಟ್ಟರು. ಅದೇ ಸ್ಮೃತಿಯ ಇನ್ನೊಂದೆಡೆಯಲ್ಲಿ ಸುಳ್ಳುಗಾರನ ಲಕ್ಷಣಗಳು ಬರುತ್ತವೆ: ನಿಂತಲ್ಲಿ ನಿಲ್ಲನು, ಕಟವಾಯಿಯನ್ನು ನೆಕ್ಕುವನು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು ಇತ್ಯಾದಿ. ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಇಲ್ಲಿ ಎಚ್ಚರಿಕೆ ಕೊಡುತ್ತಾನೆ. ಇವು ದೋಷದ ಸಂಭವವನ್ನು ಮಾತ್ರ ಸೂಚಿಸುವುವು, ದೋಷವನ್ನು ನಿಶ್ಚಯಿಸವು. ಏಕೆಂದರೆ ಸ್ವಭಾವದಿಂದ ಬಂದ ವಿಕಾರವಾವುದು, ನಿಮಿತ್ತದಿಂದ ಬಂದುದಾವುದು ಎಂದು ಬೇರ್ಪಡಿಸಿ ತಿಳಿಯುವುದು ಕಷ್ಟವೆಂಬುದು ಅವನ ಅಭಿಪ್ರಾಯ. ಸಂಭವವೇ ಬೇರೆ, ನಿಶ್ಚಯವೇ ಬೇರೆ. ಒಂಬತ್ತು ನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಕುಳಿತ ಪಂಡಿತನಿಗೆ ತಿಳಿದಿದ್ದ ಈ ಭೇದವನ್ನು ನಾವು ಮರೆಯಬಹುದೆ?

ಕೀರ್ತಿಯು ಎಂತಹ ಸಾಕ್ಷಿಯೆಂಬುದನ್ನು ಬಲ್ಲವರು ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವನ್ನು ನೆನೆದುಕೊಳ್ಳಲಿ. ಉಜ್ಜಯಿನಿಯಲ್ಲಿ ಚಾರುದತ್ತನ ಸಚ್ಛೀಲವನ್ನರಿಯದವರಿಲ್ಲ. ಅವನು ವಸಂತಸೇನೆಯನ್ನು ಕೊಂದನೆಂಬುದನ್ನು ಧರ್ಮಾಧಿಕಾರಿಯು ನಂಬಲೊಲ್ಲನು. ಆದರೆ ಉದ್ಯಾನದಲ್ಲಿ ಒಂದು ಹೆಂಗಸಿನ ಶವವಿದೆಯೆಂಬ ಸುದ್ದಿ ಬಂದಿತು. ಮೈತ್ರೇಯನ ಕಂಕುಳಿನಿಂದ ಅವಳ ಆಭರಣಗಳು ಸಭೆಯಲ್ಲಿಯೇ ಬಿದ್ದುವು. ಸತ್ಕೀರ್ತಿಯು ಆಗ ಕೈಕೊಟ್ಟಿತು. ದೂರು ಕೊಟ್ಟ ಶಕಾರನು ದುಷ್ಟನೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಅವನು ರಾಜನ ಮೈದುನ, ಅವನ ಚರಿತ್ರೆಯನ್ನು ಕೇಳುವ ಧೈರ್ಯ ಯಾರಿಗಿದ್ದೀತು? ಕೊನೆಗೆ ಚಾರುದತ್ತನನ್ನು ಉಳಿಸಿದ್ದು ಶೀಲದ ಸಾಕ್ಷಿಯಲ್ಲ, ಸತ್ತಳೆಂದವಳು ಜೀವಂತವಾಗಿ ಎದುರು ನಿಂತದ್ದು. ಬಲವಂತನ ದುಷ್ಕೀರ್ತಿಯನ್ನು ಯಾರೂ ಬಾಯಿಬಿಟ್ಟು ಹೇಳರು, ಹೇಳುವುದೆಲ್ಲ ಬಡವನದು. ಪೂರ್ವಚರಿತ್ರೆಯನ್ನು ಮೊದಲೇ ಓದಬೇಕೆಂಬ ನಿಯಮ ಬಂದರೂ ಆಗತಕ್ಕದ್ದು ಇದೇ.

ಊರಿಗೆಲ್ಲ ಗೊತ್ತೆಂಬ ಮಾತನ್ನು ಕಾನೂನಾಗಿ ಮಾಡಿದರೆ ಏನಾಗುವುದೆಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. ಸಾಕ್ಷ್ಯದ ಕಾಯಿದೆಗೆ ಅರ್ಧ ವರ್ಷ ಮುಂಚೆ, ೧೮೭೧ರಲ್ಲಿ, ಅದೇ ಆಳರಸರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಮಾಡಿದರು. ಒಬ್ಬ ಮನುಷ್ಯನ ಕೆಟ್ಟ ಹೆಸರು ಅಪರಾಧಕ್ಕೆ ಸಾಕ್ಷಿಯಲ್ಲವೆಂದು ಒಂದು ಕಾಗದದಲ್ಲಿ. ಜಾತಿಗೆ ಜಾತಿಯೇ ಹುಟ್ಟಿನಿಂದ ಅಪರಾಧಿಗಳೆಂದು ಇನ್ನೊಂದು ಕಾಗದದಲ್ಲಿ! ಸರ್ಕಾರದ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರು ಹಚ್ಚಿಸಿಕೊಂಡವರು ಹಾಜರಿ ಕೊಡಬೇಕು, ಪಾಸಿಲ್ಲದೆ ಊರು ಬಿಡಕೂಡದು. ೧೯೧೧ರ ಕಾಯಿದೆಯು ಇದನ್ನು ಬ್ರಿಟಿಷ್ ಹಿಂದುಸ್ಥಾನಕ್ಕೆಲ್ಲ ಹಬ್ಬಿಸಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಿದ್ದುವು. ಹುಬ್ಬಳ್ಳಿ ಗದಗಗಳಲ್ಲಿ ಆ ಕೇರಿಗಳಿಗೆ ಇಂದಿಗೂ ಅದೇ ಹೆಸರು ನಿಂತಿದೆ. ೧೯೫೨ರಲ್ಲಿ ಆ ಕಾಯಿದೆಯು ರದ್ದಾಯಿತು. ಆದರೆ ಸೆರೆಮನೆಗಳ ನಿಯಮಾವಳಿಗಳಲ್ಲಿ ಅದರ ನೆರಳು ಉಳಿದೇ ಇದ್ದಿತು. ಜಾತಿಯಿಂದ ಕೈದಿಗಳನ್ನು ಭೇದಿಸುವ ಅಂತಹ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿದ್ದು ೨೦೨೪ರ ಅಕ್ಟೋಬರಿನಲ್ಲಿ. ಊರಿಗೆಲ್ಲ ಗೊತ್ತೆಂಬ ಮಾತು ಸಾಯುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ನೋಡಿರಿ.

ಸ್ತ್ರೀಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಅನ್ಯಾಯ ನಡೆಯಿತು. ಬಲಾತ್ಕಾರಕ್ಕೊಳಗಾದ ಹೆಂಗಸು ಸಾಕ್ಷಿ ಹೇಳಲು ಬಂದರೆ, ಅವಳ ನಡತೆಯು ಸಾಮಾನ್ಯವಾಗಿ ಕೆಟ್ಟದ್ದೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಬಹುದೆಂದು ಹಳೆಯ ಕಾಯಿದೆಯ ೧೫೫ನೆಯ ಪ್ರಕರಣವೇ ಹೇಳಿತ್ತು. ಆರೋಪಿಯ ದುಶ್ಶೀಲಕ್ಕೆ ಬಾಗಿಲು ಮುಚ್ಚಿ, ನೊಂದವಳ ಶೀಲಕ್ಕೆ ಬಾಗಿಲು ತೆರೆದ ನ್ಯಾಯವಿದು! ನೂರಮೂವತ್ತು ವರ್ಷ ನಡೆದ ಈ ಮಾತನ್ನು ೨೦೦೨ರ ತಿದ್ದುಪಡಿಯು ತೆಗೆದುಹಾಕಿತು. ೨೦೧೩ರಲ್ಲಿ ಇನ್ನೊಂದು ಪ್ರಕರಣವನ್ನು ಸೇರಿಸಿ, ಸಮ್ಮತಿಯಿದ್ದಿತೇ ಎಂಬ ಪ್ರಶ್ನೆಗೆ ಅವಳ ಹಿಂದಿನ ನಡತೆಯು ಸಂಬಂಧವಿಲ್ಲದ್ದೆಂದು ಸ್ಪಷ್ಟಪಡಿಸಿದರು; ಹೊಸ ಅಧಿನಿಯಮದಲ್ಲಿ ಅದು ೪೮ನೆಯದು. ವೈದ್ಯರು ನಡೆಸುತ್ತಿದ್ದ ಹೀನವಾದ ಒಂದು ಪರೀಕ್ಷೆಯನ್ನು ಸುಪ್ರೀಂ ಕೋರ್ಟು ೨೦೧೩ರಲ್ಲಿ ಖಂಡಿಸಿ, ೨೦೨೨ರಲ್ಲಿ ಮತ್ತೆ ಖಂಡಿಸಬೇಕಾಯಿತು. ಲೇಖಕರು ಆರೋಪಿಯ ಚರಿತ್ರೆಯೊಂದನ್ನೇ ಕೇಳಿದ್ದಾರೆ, ಇದನ್ನಲ್ಲ ಎನ್ನಬಹುದು. ಆದರೆ ಕೆಟ್ಟ ಹೆಸರಿನಿಂದ ಕೃತ್ಯವನ್ನು ಊಹಿಸಬಹುದೆಂದು ಒಮ್ಮೆ ಒಪ್ಪಿದರೆ, ಆ ಊಹೆಯು ಆರೋಪಿಯ ಬಳಿಯೇ ನಿಲ್ಲುವುದೆಂದು ಯಾರು ಭರವಸೆ ಕೊಡುವರು?

ಕೊನೆಯಲ್ಲಿ ಹೇಳುವೆನೆಂದ ಮಾತನ್ನು ಈಗ ಹೇಳಬೇಕು. ಉಪಾಧ್ಯಾಯನ ಕೈಯಲ್ಲಿ ಶೀಲವನ್ನು ನಿರ್ಣಯಿಸುವ ಸಣ್ಣದೊಂದು ಅಧಿಕಾರವಿದೆ. ಶಾಲೆ ಬಿಡುವ ಹುಡುಗನ ಪ್ರಮಾಣಪತ್ರದಲ್ಲಿ ನಡತೆ ಎಂಬ ಒಂದು ಸಾಲು. ನಾನು ಆ ಸಾಲನ್ನು ಸಾವಿರಾರು ಸಲ ತುಂಬಿದ್ದೇನೆ. ಉತ್ತಮ ಎಂದು ಬರೆಯುವುದು ವಾಡಿಕೆ. ಮೂವತ್ತು ವರ್ಷಗಳ ಕೆಳಗೆ ಒಬ್ಬ ಹುಡುಗನಿಗೆ ಮಾತ್ರ ಹಾಗೆ ಬರೆಯಲಿಲ್ಲ.

ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ ಮುನ್ನೂರು ಚಿಲ್ಲರೆ ರೂಪಾಯಿ ನನ್ನ ಮೇಜಿನಿಂದ ಕಾಣದಾಯಿತು. ಆ ಹುಡುಗನ ತಂದೆಯ ಹೆಸರು ಪೋಲೀಸರ ಪಟ್ಟಿಯಲ್ಲಿದ್ದಿತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಹುಡುಗನೂ ಹಿಂದೊಮ್ಮೆ ಯಾರದೋ ಪೆನ್ನು ಕದ್ದು ಸಿಕ್ಕಿಬಿದ್ದವನು. ನಾನು ಬೇರೆ ಯಾರನ್ನೂ ಕೇಳಲಿಲ್ಲ. ಅವನನ್ನು ಕರೆದು ನಿಲ್ಲಿಸಿ ಕೇಳಿದೆ. "ನಾ ತಗೊಂಡಿಲ್ರೀ ಸರ" ಎಂದನು. ಅವನ ಹಣೆ ಬೆವರಿತ್ತು, ತುಟಿ ಒಣಗಿತ್ತು. ಸ್ಮೃತಿಯ ಲಕ್ಷಣಗಳೆಲ್ಲ ನನಗೆ ಅವನ ಮುಖದಲ್ಲಿ ಕಂಡುವು. ಮಿತಾಕ್ಷರದ ಎಚ್ಚರಿಕೆಯು ನೆನಪಾಗಲಿಲ್ಲ. ಮಾರ್ಚಿಯಲ್ಲಿ ಅವನ ತಾಯಿಯು ಪ್ರಮಾಣಪತ್ರಕ್ಕೆ ಬಂದಳು. ನಡತೆಯ ಸಾಲಿನಲ್ಲಿ ಸಮಾಧಾನಕರವಲ್ಲ ಎಂದು ಬರೆದು ರುಜು ಮಾಡಿದೆನು. ಆಕೆಗೆ ಓದು ಬಾರದು; ಕೈಮುಗಿದು ತೆಗೆದುಕೊಂಡು ಹೋದಳು.

ಬೇಸಗೆಯ ರಜೆ ಮುಗಿದು ಹಳೆಯ ಹಾಜರಿ ಪುಸ್ತಕವೊಂದನ್ನು ತೆರೆದಾಗ ಅದರ ರಟ್ಟಿಗೆ ಹೊದಿಸಿದ ಕಾಗದದೊಳಗೆ ಲಕೋಟೆಯಿದ್ದಿತು. ಮೇಲೆ ಮೊತ್ತವನ್ನು ಬರೆದ ಅಕ್ಷರಗಳು ನನ್ನವು. ಜೋಪಾನವಾಗಿರಲೆಂದು ನಾನೇ ಇಟ್ಟು ಮರೆತಿದ್ದೆನು. ಅವರ ಮನೆಯನ್ನು ವಿಚಾರಿಸಿಕೊಂಡು ಹೋದೆನು. ಅವರು ಕೂಲಿಗಾಗಿ ಗೋವೆಯ ಕಡೆಗೆ ಹೋದರೆಂದು ನೆರೆಯವರು ಹೇಳಿದರು. ಆ ಕಾಗದವು ಅವನಿಗೆ ಎಷ್ಟು ಬಾಗಿಲುಗಳನ್ನು ಮುಚ್ಚಿತೋ ನಾನರಿಯೆ. ಹೊಸದೊಂದನ್ನು ಬರೆದು ಇಟ್ಟುಕೊಂಡಿದ್ದೆನು. ಅದನ್ನು ಕೇಳುವುದಕ್ಕೆ ಯಾರೂ ಬರಲಿಲ್ಲ.

ನಾನು ಆ ದಿನ ನಡೆಸಿದ್ದು ಮಾನ್ಯ ಲೇಖಕರು ಬಯಸುವಂಥ ವಿಚಾರಣೆಯನ್ನೇ. ಪೂರ್ವಚರಿತ್ರೆಯನ್ನು ಮೊದಲು ಓದಿದೆನು. ಓದಿದ ಮೇಲೆ ಮತ್ತೇನನ್ನೂ ಹುಡುಕುವ ಅಗತ್ಯ ನನಗೆ ತೋರಲಿಲ್ಲ. ನನ್ನಲ್ಲಿ ದ್ವೇಷವಿರಲಿಲ್ಲ, ಲಂಚವಿರಲಿಲ್ಲ. ಆ ತಿಳಿವಳಿಕೆಯೊಂದೇ ನನ್ನನ್ನು ಕುರುಡನನ್ನಾಗಿ ಮಾಡಲು ಸಾಕಾಯಿತು. ನ್ಯಾಯಾಧೀಶರೂ ಮನುಷ್ಯರೇ. ಕಾನೂನು ಅವರ ಕಿವಿಗೆ ಹಾಕಿರುವ ತಡೆಯು ಕಳ್ಳನ ರಕ್ಷಣೆಗಲ್ಲ, ಅವರ ದೃಷ್ಟಿಯ ರಕ್ಷಣೆಗೆ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ಒಬ್ಬನ ಶೀಲಕ್ಕೆ ಸಾಕ್ಷಿ ನುಡಿಯುವ ಪ್ರಸಂಗ ಬಂದರೆ, ಎಷ್ಟು ವರ್ಷ ಬಲ್ಲೆವೋ ಅಷ್ಟನ್ನೇ, ಕಂಡದ್ದನ್ನೇ ಹೇಳೋಣ. ಊರಿಗೆಲ್ಲ ಗೊತ್ತೆಂದು ಹೇಳಬೇಕೆನ್ನಿಸಿದಾಗ, ಆ ಊರಿನಲ್ಲಿ ಮೊದಲು ಹಾಗೆಂದವರಾರು, ಅವರು ಏನನ್ನು ಕಂಡಿದ್ದರು ಎಂದು ಒಮ್ಮೆ ಕೇಳಿಕೊಳ್ಳೋಣ. ಮಾನ್ಯ ಲೇಖಕರು ಉತ್ತರವನ್ನು ಬರೆದರೆ ಆದರದಿಂದ ಓದುವೆನು. ಆದರೆ ಅವರು ಮೊದಲು ಆ ಹುಡುಗನಿಗೆ ಉತ್ತರ ಹೇಳಲಿ. ನನ್ನಿಂದ ಅದು ಇಂದಿಗೂ ಆಗಿಲ್ಲ.